ಕಾಮ್ 3 ಎಲ್ಲಿಗೆ ಹೋಯ್ತು?

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚಿನ ಉಪನ್ಯಾಸ ಅಂದರೆ ಏನು ಕಷ್ಟ ಅಂತ ನನಗೆ ಗೊತ್ತು. ಹಿಂದಿನ ಸಾಲಿನವರಿಗೆ ಸಾಂಬಾರಿನ ವಾಸನೆ ಆಗಲೇ ಮುಟ್ಟಿದೆ. ಹಾಗಾಗಿ ಬ್ಯಾಟರಿಯ ಪಾಠ ಬೇಡ. ಎರಡು ವೋಲ್ಟಿನ 24 ಸೆಲ್ ಸೇರಿದರೆ 48 ವೋಲ್ಟಿನ ಬ್ಯಾಂಕು, ಫ್ಲೋಟಿನಲ್ಲಿ (ತುಂಬಿದ ಮೇಲೂ ಚಾರ್ಜರಿಗೆ ಅಂಟಿಕೊಂಡಿರುವಾಗ) ಸೆಲ್ಲಿಗೆ ಸುಮಾರು 2.25 ವೋಲ್ಟ್, ಇದೆಲ್ಲ ನಿಮಗೆ ಕಂಠಪಾಠ. ಸೆಲ್ ಸೆಲ್ ಅಳೆದು ಬ್ಯಾಟರಿ ಕಾಯುವ ಪೆಟ್ಟಿಗೆಗೂ ಕಂಪ್ಯೂಟರಿಗೂ ನಡುವೆ ಮಾತು ನಿಂತುಹೋಗುತ್ತಲ್ಲ, ಅದನ್ನು ಮಾತ್ರ ಹೇಳುತ್ತೇನೆ. ಕಾಮ್ 3 ಅಂದರೆ ಆ ಮಾತು ಹಾದುಹೋಗುವ ಪೋರ್ಟಿಗೆ ಕಂಪ್ಯೂಟರ್ ಕೊಟ್ಟ ನಂಬರ್.

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಟೆಲಿಕಾಂ ಕಟ್ಟಡ, ಹೆಸರು ಬೇಡ. ಕರೆಂಟ್ ಹೋಗಿ ಹತ್ತು ನಿಮಿಷಕ್ಕೆ ಎಲ್ಲ ಆಫ್. ನಾನು ಹೋಗಿ ನೋಡಿದರೆ ಕಂಪ್ಯೂಟರ್ ತೆರೆಯ ಮೇಲೆ 24 ಸೆಲ್ಲೂ ಹಸಿರು. ಎಲ್ಲ 2.25, 2.26. ನೋಡಲು ಚೆಂದ! ಮಲ್ಟಿಮೀಟರ್ ತಗೊಂಡು ಒಂದೊಂದೇ ಮುಟ್ಟುತ್ತಾ ಬಂದೆ. ಹದಿನೇಳನೆಯ ಸೆಲ್ ಮಲಗಿತ್ತು. ತೆರೆಯಲ್ಲಿ ಮಾತ್ರ ಅದು ಇನ್ನೂ 2.25. ಆಗ ಕೆಳಗಿನ ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರ ಕಂಡಿತು. ಕೊನೆಯ ರೀಡಿಂಗ್ ಬಂದ ತಾರೀಕು. ಮೂರು ವಾರ ಹಳೆಯದು.

ಮೂರು ವಾರದಿಂದ ಎಲ್ಲರೂ ಫೋಟೋ ನೋಡಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಆ ಪೆಟ್ಟಿಗೆಯೇ ಇಲ್ಲದಿದ್ದರೆ ಯಾರಾದರೂ ಕೈಯಲ್ಲಿ ಅಳೆಯುತ್ತಿದ್ದರು, ಅಲ್ವಾ?

ಸರಿ, ಹುಡುಕಾಟ ಶುರು. ಕೇಬಲ್ ಬದಲಿಸಿದೆ. ಆರ್‌ಎಸ್-485 ಕನ್ವರ್ಟರ್, ಅಂದರೆ ಪೆಟ್ಟಿಗೆಯಿಂದ ಬರುವ ತಂತಿಯನ್ನು ಕಂಪ್ಯೂಟರಿನ ಯುಎಸ್‌ಬಿಗೆ ಸೇರಿಸುವ ಸಣ್ಣ ಡಬ್ಬಿ, ಅದನ್ನೂ ಬದಲಿಸಿದೆ. ಎ ಮತ್ತು ಬಿ ತಂತಿ ಅದಲುಬದಲು ಮಾಡಿದೆ. ಒಬ್ಬ ತಯಾರಕನ ಎ ಇನ್ನೊಬ್ಬನಿಗೆ ಬಿ. ಹೆದರಬೇಡಿ, ಅದಲುಬದಲಾದರೆ ಏನೂ ಸುಡುವುದಿಲ್ಲ, ಮಾತಾಡುವುದಿಲ್ಲ ಅಷ್ಟೇ. ರಾತ್ರಿ ಹನ್ನೊಂದಕ್ಕೆ ವಾಚ್‌ಮನ್ ಟೀ ತಂದರು. "ಸಾರ್, ಆ ಸಣ್ಣ ಡಬ್ಬಿ ನಾನೊಂದ್ಸಲ ಕಿತ್ತಿದ್ದೆ. ಮೊಬೈಲ್ ಚಾರ್ಜಿಗೆ. ಆಮೇಲೆ ವಾಪಸ್ ಚುಚ್ಚಿದ್ದೀನಿ."

ಚುಚ್ಚಿದ್ದು ನಿಜ. ಪಕ್ಕದ ತೂತಿಗೆ! ಅಗ್ಗದ ಕನ್ವರ್ಟರಿಗೆ ತನ್ನದೇ ಸೀರಿಯಲ್ ನಂಬರ್ ಇಲ್ಲದಿದ್ದರೆ, ತೂತು ಬದಲಾದರೆ ವಿಂಡೋಸ್ ಅದನ್ನು ಹೊಸ ನೆಂಟ ಅಂದುಕೊಂಡು ಹೊಸ ನಂಬರ್ ಕೊಡುತ್ತದೆ. ಡಿವೈಸ್ ಮ್ಯಾನೇಜರ್ ತೆರೆದೆ. ಕಾಮ್ 3 ಇದ್ದದ್ದು ಕಾಮ್ 12 ಆಗಿತ್ತು. ನಮ್ಮ ಹಳೆಯ ಸಾಫ್ಟ್‌ವೇರಿನ ಪಟ್ಟಿ ಎಂಟಕ್ಕೇ ಮುಗಿಯುತ್ತಿತ್ತು. ಪೋರ್ಟ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್, ಅಲ್ಲಿ ಮತ್ತೆ 3 ಕೊಟ್ಟೆ. ಬಳಕೆಯಲ್ಲಿದೆ ಅಂತ ಎಚ್ಚರಿಸಿತು. ಅದು ಹಳೆಯ ಗುರುತು, ಒಪ್ಪಿಗೆ ಒತ್ತಿದೆ. ಸಾಫ್ಟ್‌ವೇರ್ ಮುಚ್ಚಿ ತೆರೆದೆ. ಹದಿನೇಳನೆಯ ಸೆಲ್ ಕೆಂಪಾಯಿತು. ಕೆಂಪು ಬಣ್ಣ ನೋಡಿ ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ.

ವಾಚ್‌ಮನ್ ತಪ್ಪು ಅನ್ನಬೇಡಿ. ಕಾಮ್ 3 ಅಂತ ಎಲ್ಲೂ ಬರೆದಿರಲಿಲ್ಲ. ಅದಕ್ಕೇ ಹೋದಲ್ಲೆಲ್ಲ ಒಂದೇ ಹಾಡು ಹಾಡುತ್ತೇನೆ: ಪ್ಯಾನೆಲ್ ಬಾಗಿಲಿನ ಒಳಗೆ ಒಂದು ಚೀಟಿ ಅಂಟಿಸಿ. ಪೋರ್ಟ್ ನಂಬರ್, ಬಾಡ್ ರೇಟ್ (ಸೆಕೆಂಡಿಗೆ ಎಷ್ಟು ಬಿಟ್), ಡೇಟಾ ಬಿಟ್ (ಒಂದು ಅಕ್ಷರಕ್ಕೆ ಎಷ್ಟು ಬಿಟ್), ಪ್ಯಾರಿಟಿ (ತಪ್ಪು ಹಿಡಿಯುವ ಬಿಟ್), ಸ್ಟಾಪ್ ಬಿಟ್ (ಅಕ್ಷರ ಮುಗಿಯಿತು ಅನ್ನುವ ಗುರುತು), ಸ್ಲೇವ್ ಐಡಿ (ಲೈನಿನಲ್ಲಿ ಪೆಟ್ಟಿಗೆಯ ನಂಬರ್). ಆರು ಸಾಲು.

ಬಾಡ್ ರೇಟ್ ಸಾಮಾನ್ಯವಾಗಿ 9600. ಒಂದು ಅಕ್ಷರಕ್ಕೆ ಹತ್ತು ಬಿಟ್ ಹಿಡಿದರೆ ಸೆಕೆಂಡಿಗೆ 960 ಅಕ್ಷರ. 24 ಸೆಲ್ಲಿಗೆ ಧಾರಾಳ ಸಾಕು. ಕೆಲವರು ಸುಮ್ನೆ 115200 ಮಾಡುತ್ತಾರೆ. ಬ್ಯಾಟರಿಗೇನು ಬಸ್ ತಪ್ಪಿ ಹೋಗುತ್ತಾ? ಪ್ಯಾರಿಟಿ ಜಾಸ್ತಿ ಕಾಡುತ್ತದೆ. ಮಾಡ್‌ಬಸ್, ಅಂದರೆ ಈ ಪೆಟ್ಟಿಗೆಗಳು ಮಾತಾಡುವ ಭಾಷೆ, ಅದರ ನಿಯಮದ ಪ್ರಕಾರ ಮೂಲ ಸೆಟ್ಟಿಂಗ್ ಈವನ್ (ಸರಿಸಂಖ್ಯೆ). ಮಾರುಕಟ್ಟೆಯಲ್ಲಿ ಸಿಗುವ ಎಷ್ಟೋ ಪೆಟ್ಟಿಗೆಗಳು "ನನ್", ಅಂದರೆ ಪ್ಯಾರಿಟಿಯೇ ಇಲ್ಲ, ಅಂತ ಇಟ್ಟುಕೊಂಡು ಬರುತ್ತವೆ. ಎರಡೂ ಕಡೆ ಒಂದೇ ಇರಲಿ, ಸಾಕು. ಚೀಟಿಯಲ್ಲಿ ಬರೆಯಿರಿ.

ಸ್ಲೇವ್ ಐಡಿ 1ರಿಂದ 247. ಹೊಸ ಪೆಟ್ಟಿಗೆಗಳು ಹೆಚ್ಚಾಗಿ 1 ಅಂತಲೇ ಬರುತ್ತವೆ. ಒಂದೇ ಲೈನಿಗೆ ಅಂಥ ಎರಡು ಹಾಕಿದರೆ ಹೆಸರು ಕೂಗಿದಾಗ ಇಬ್ಬರೂ ಓ ಅನ್ನುತ್ತಾರೆ, ಯಾರ ಮಾತೂ ಕೇಳಿಸುವುದಿಲ್ಲ.

ಚೀಟಿ ಬಂತು, ಐದು ನಿಮಿಷ ಅಂತೆ. ನನಗೆ ಬರುವ ಚೀಟಿ ಮಾತ್ರ ಇದೇ! ಈಥರ್ನೆಟ್ ಭಾಗ ಬಿಡುತ್ತೇನೆ. ಸಿಗ್ನಲ್ ತುದಿಯಿಂದ ತಿರುಗಿ ಬಾರದಂತೆ ಹಾಕುವ 120 ಓಮ್ ರೆಸಿಸ್ಟರ್ ಲೈನಿನ ಎರಡು ತುದಿಗೆ ಮಾತ್ರ, ಪ್ರತಿ ಪೆಟ್ಟಿಗೆಗೂ ಬೇಡ.

ಇದೊಂದು ಹೇಳಲೇಬೇಕು. ಪೆಟ್ಟಿಗೆಯ ಪುಸ್ತಕದಲ್ಲಿ 40001 ಅಂತ ಇರುವ ರಿಜಿಸ್ಟರ್ (ಪೆಟ್ಟಿಗೆ ಒಂದು ರೀಡಿಂಗ್ ಇಡುವ ಜಾಗ) ತಂತಿಯ ಮೇಲೆ ಹೋಗುವಾಗ ಸೊನ್ನೆ ನಂಬರ್. ಕೆಲವು ಸಾಫ್ಟ್‌ವೇರ್ ತಾನೇ ಒಂದು ಕಳೆಯುತ್ತದೆ, ಕೆಲವು ಕಳೆಯುವುದಿಲ್ಲ. ಕಳೆಯದಿದ್ದರೆ ಪ್ರತಿ ಸೆಲ್ಲಿನ ಜಾಗದಲ್ಲಿ ಮುಂದಿನ ಸೆಲ್ಲಿನ ರೀಡಿಂಗ್ ಬರುತ್ತದೆ: ಕೆಟ್ಟದ್ದು 17, ತೆರೆ ತೋರಿಸುವುದು 16. ನೀವು ಹೊಸ ಸೆಲ್ ತಂದು ಹದಿನಾರನೆಯ ಜಾಗಕ್ಕೆ ಹಾಕಿ, ಕೈ ತೊಳೆದು ಮನೆಗೆ ಹೋಗುತ್ತೀರಿ. ಸಂಪರ್ಕ ಬಂದ ಕೂಡಲೇ ಎರಡು ಸೆಲ್ಲನ್ನಾದರೂ ಮಲ್ಟಿಮೀಟರ್ ಹಿಡಿದು ಹೋಲಿಸಿ.

ಹೊರಗೆ ಮೇಜಿನ ಮೇಲೆ ಒಂದು ಪೆಟ್ಟಿಗೆ, ಒಂದು ಲ್ಯಾಪ್‌ಟಾಪ್ ಇಟ್ಟಿದ್ದೇನೆ. ಎರಡು ಸೆಟ್ಟಿಂಗ್ ಬೇಕಂತಲೇ ತಪ್ಪಿಟ್ಟಿದ್ದೇನೆ. ಊಟ ಮುಗಿಸಿ ಬಂದು ಮಾತಾಡಿಸಿ ನೋಡಿ. ಮೊಬೈಲ್ ಚಾರ್ಜಿಗೆ ಪ್ಲಗ್ ಗೋಡೆಯ ಮೇಲಿದೆ.