ಜ್ವರಕ್ಕೆ ಮುಂಚಿನ ಹದಿನೈದು ದಿನ

ಎಲ್ಲರಿಗೂ ನಮಸ್ಕಾರ. 'ಸಾಮಾನ್ಯ ಕಾಯಿಲೆಗಳು' ಅಂತ ವಿಷಯ ಕೊಟ್ಟಿದ್ದಾರೆ. ಶಿರಸಿಯಂಥ ಊರಲ್ಲಿ ನಮ್ಮ ಹತ್ತಿರ ಬರುವುದು ಹೆಚ್ಚಾಗಿ ಜ್ವರ, ಕೆಮ್ಮು, ತುರಿಕೆ, ಗ್ಯಾಸ್ಟ್ರಿಕ್, ಬಿಪಿ, ಶುಗರ್. ಎಲ್ಲ ಹೇಳುತ್ತ ಕೂತರೆ ಊಟ ತಣ್ಣಗಾಗುತ್ತದೆ. ಜ್ವರದ ಬಗ್ಗೆ ಜಾಸ್ತಿ ಹೇಳುತ್ತೇನೆ.

'ಡಾಕ್ಟ್ರೇ, ಒಂದು ಇಂಜೆಕ್ಷನ್ ಹಾಕಿಬಿಡಿ, ನಾಳೆ ಕೆಲಸ ಇದೆ.' ಜ್ವರದವರು ಕುರ್ಚಿಯಲ್ಲಿ ಕೂತ ಕೂಡಲೇ ಹೇಳುವ ಮಾತು ಇದು. ಜ್ವರ ಎಷ್ಟಿದೆ ಅಂತ ಥರ್ಮಾಮೀಟರ್ ಹೇಳುತ್ತದೆ. ಯಾವ ಜ್ವರ ಅಂತ ತಿಳಿಯಬೇಕಾದರೆ ಹಿಂದಿನ ಹದಿನೈದು ದಿನ ನೀವು ಎಲ್ಲಿಗೆ ಹೋಗಿದ್ದಿರಿ, ಏನು ಕೆಲಸ ಮಾಡಿದಿರಿ ಅನ್ನುವುದು ಬೇಕು. ಅದನ್ನು ತಾವಾಗಿ ಹೇಳುವವರು ಕಡಿಮೆ. ತೋಟಕ್ಕೆ ಹೋಗಿದ್ದೂ ಒಂದು ಸುದ್ದಿಯಾ ಅನ್ನಿಸುತ್ತದೆ, ಅಲ್ವಾ?

ಮಳೆಗಾಲದಲ್ಲಿ ಒಬ್ಬರು ಬಂದರು ಅಂದುಕೊಳ್ಳಿ. ಜ್ವರ, ಚಳಿ, ಮೈಕೈ ನೋವು. ಡೆಂಗೆ ಇರಬಹುದು, ಬರೀ ವೈರಲ್ ಇರಬಹುದು. ಆದರೆ ಕಣ್ಣು ಕೆಂಪಾಗಿದೆ. ಮೀನಖಂಡ ಒತ್ತಿದರೆ ಕಾಲು ಎಳೆದುಕೊಳ್ಳುತ್ತಾರೆ. ಕೇಳಿದರೆ, ವಾರದ ಹಿಂದೆ ಗದ್ದೆ ನೆಟ್ಟಿಗೆ ಹೋಗಿದ್ದರು, ಹಿಮ್ಮಡಿ ಒಡೆದಿತ್ತು. ಆಗ ಮೊದಲು ನೆನಪಾಗುವುದು ಇಲಿಜ್ವರ. ಇಲಿ, ದನ, ನಾಯಿಗಳ ಉಚ್ಚೆಯಿಂದ ನೀರಿಗೆ ಸೇರಿದ ಬ್ಯಾಕ್ಟೀರಿಯಾ ಒಡೆದ ಚರ್ಮದಿಂದ ಒಳಗೆ ಹೋಗುತ್ತದೆ. ಬೇಗ ಗೊತ್ತಾದರೆ ಹೆಚ್ಚಿನವರಿಗೆ ಡಾಕ್ಸಿಸೈಕ್ಲಿನ್‌ನಂಥ ಹಳೆಯ, ಅಗ್ಗದ ಮಾತ್ರೆ ಸಾಕು. ತಡವಾದರೆ ಕಿಡ್ನಿಗೂ ಲಿವರ್‌ಗೂ ಪೆಟ್ಟು. ಕಣ್ಣು ಹಳದಿಯಾಯಿತು, ಕಾಮಾಲೆ ಇರಬೇಕು ಅಂತ ಹಳ್ಳಿಮದ್ದಿನಲ್ಲಿ ವಾರ ಕಳೆಯುತ್ತಾರಲ್ಲ, ಆ ವಾರವೇ ದುಬಾರಿ.

ಅದೇ ಜ್ವರ ಫೆಬ್ರವರಿಯಲ್ಲಿ, ಸಿದ್ದಾಪುರದ ಕಡೆಯಿಂದ ಬಂದರೆ ನಾವು ಕೇಳುವುದೇ ಬೇರೆ. ಬೆಟ್ಟಕ್ಕೆ ದರಕು, ಅಂದರೆ ಒಣಗಿದ ಎಲೆ, ತರಲು ಹೋಗಿದ್ರಾ? ಮೈಮೇಲೆ ರಕ್ತ ಹೀರುವ ಉಣುಗು ಕಂಡಿತ್ತಾ? ಸುತ್ತಮುತ್ತ ಮಂಗ ಸತ್ತಿತ್ತಾ? ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಹೆಸರು ಮಂಗನದ್ದು, ಹರಡುವುದು ಉಣುಗು. ಇದಕ್ಕೇ ಅಂತ ಬೇರೆ ಔಷಧಿ ಇಂದಿಗೂ ಇಲ್ಲ. ಆಸ್ಪತ್ರೆಯಲ್ಲಿ ಮಲಗಿಸಿ, ದ್ರವ ಕೊಟ್ಟು, ರಕ್ತಸ್ರಾವ ಆಗದಂತೆ ನೋಡಿಕೊಳ್ಳಬೇಕು. ಹಾಗಾಗಿ ಕಾಡಿಗೆ ಹೋಗುವ ಮೊದಲು ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಯಾವ ಜ್ವರ ಅಂತ ತಿಳಿಯುವ ತನಕ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ. ಡೆಂಗೆ, ಮಂಗನ ಕಾಯಿಲೆ ಎರಡರಲ್ಲೂ ಡೈಕ್ಲೋಫೆನಾಕ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸಬಹುದು.

ಇನ್ನು ತುರಿಕೆ. ಆಷಾಢದಲ್ಲಿ ಬಟ್ಟೆ ಒಣಗುವುದಿಲ್ಲ, ಅರೆಹಸಿ ಚಡ್ಡಿಯನ್ನೇ ಹಾಕುತ್ತೇವೆ. ತೊಡೆಸಂದಿಯಲ್ಲಿ ಬೂಸಿನಿಂದ ಹುಳುಕಡ್ಡಿ ಶುರುವಾಗುತ್ತದೆ. ಅಂಗಡಿಯಿಂದ ತಂದ ಟ್ಯೂಬ್ ಹಚ್ಚಿದರೆ ಎರಡೇ ದಿನಕ್ಕೆ ಹಿತ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ತುರಿಕೆ ಅಡಗುತ್ತದೆ, ಬೂಸು ಮಾತ್ರ ಒಳಗಿಂದೊಳಗೇ ಹಬ್ಬುತ್ತದೆ. ಸರಿಯಾದ ಔಷಧಿಯನ್ನು ಕಲೆ ಮಾಯವಾದ ಮೇಲೂ ಒಂದೆರಡು ವಾರ ಹಚ್ಚಬೇಕು. ಮನೆಯಲ್ಲಿ ಯಾರಿಗೆಲ್ಲ ಇದೆಯೋ ಎಲ್ಲರೂ ಒಟ್ಟಿಗೇ ಹಚ್ಚಬೇಕು. ನಾಚಿಕೆ ಬಿಟ್ಟು ತೋರಿಸಿ ಮಾರಾಯ್ರೆ.

ಕವಳದ, ಅಂದರೆ ಎಲೆ-ಅಡಿಕೆಯ ವಿಷಯ. ಶಿರಸಿಯಲ್ಲಿ ನಿಂತು ಅಡಿಕೆ ಬಗ್ಗೆ ಮಾತಾಡಿದರೆ ಇಳಿದು ಹೋಗಲು ಬಿಡ್ತೀರೋ ಇಲ್ಲವೋ! ಆದರೂ ಹೇಳುತ್ತೇನೆ. ತಂಬಾಕು ಹಾಕದಿದ್ದರೂ ಅಡಿಕೆ ಕ್ಯಾನ್ಸರ್ ತರಬಲ್ಲದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಮೂರು ಬೆರಳು ನಿಲ್ಲಿಸಿ ಬಾಯೊಳಗೆ ಇಟ್ಟು ನೋಡಿ. ಬಾಯಿ ಅಷ್ಟು ತೆರೆಯದಿದ್ದರೆ, ಅಥವಾ ಖಾರ ತಿಂದಾಗ ಕೆನ್ನೆಯ ಒಳಗೆ ಉರಿ ಬರುತ್ತಿದ್ದರೆ, ಈ ವಾರವೇ ತೋರಿಸಿ.

ಬಿಪಿಗೆ ನೋವಿಲ್ಲ, ಆದ್ದರಿಂದ ಅದನ್ನು ಮಷಿನ್ನೇ ಹೇಳಬೇಕು. ದಿನಕ್ಕೆ 5 ಗ್ರಾಂ ಉಪ್ಪು ದಾಟಬಾರದು. ಘಟ್ಟದ ಮೇಲಿನವರಿಗೆ ಅಪ್ಪೆಮಿಡಿ ಉಪ್ಪಿನಕಾಯಿ, ಕೆಳಗಿನವರಿಗೆ ಒಣಮೀನು, ಎರಡರಲ್ಲೂ ಅದು ಧಾರಾಳ. ಮಷಿನ್ ತಂದಿದ್ದೇನೆ, ಈಗಲೇ ನೋಡೋಣ. ಚಹಾ ಕುಡಿದವರು, ಕವಳ ಹಾಕಿದವರು ಅರ್ಧ ತಾಸು ಬಿಟ್ಟು ಬನ್ನಿ. ಹಿಂದಿನ ಸಾಲಿನವರು ಈಗ ಡಬ್ಬಿ ಮುಚ್ಚಿದರೂ ಲೆಕ್ಕಕ್ಕಿಲ್ಲ, ನಾನು ನೋಡಿಯಾಯಿತು.