ರಾಗಿ ಪ್ಯಾಕೆಟ್ ಮೇಲಿನ ಪುಟ್ಟ ಗುರುತು

ನಮ್ಮ ಅಡುಗೆಮನೆ ಕಟ್ಟೆ ಮೇಲೆ ಮೂರು ರಾಗಿ ಹಿಟ್ಟಿನ ಪ್ಯಾಕೆಟ್ ಇಟ್ಟಿದ್ದೇನೆ, ನೋಡಿ. ನಿನ್ನೆ ಅಮ್ಮನ ಜೊತೆ ಅಂಗಡಿಗೆ ಹೋದಾಗ ತಂದಿದ್ದು.

ಬಿಸ್ಕತ್ತಿರಲಿ, ಸಾರಿನ ಪುಡಿಯಿರಲಿ, ಅಮ್ಮ ಪ್ಯಾಕೆಟ್ ತಿರುಗಿಸಿ ಮೊದಲು ಹುಡುಕುವುದು ಹಸಿರು ಚುಕ್ಕಿ. ಕಂಡರೆ ಬುಟ್ಟಿಗೆ, ಇಲ್ಲದಿದ್ದರೆ ವಾಪಸ್. ಅದನ್ನು ಓದಲು ಅವರಿಗೆ ಒಂದು ಕ್ಷಣ ಸಾಕು.

ಈಗ ಮೊದಲನೇ ಪ್ಯಾಕೆಟ್. ಚುಕ್ಕಿಯ ಪಕ್ಕದಲ್ಲೇ ಇನ್ನೊಂದು ಹಸಿರು ಗುರುತಿದೆ. ಎಲೆ, ಟಿಕ್ ಎರಡೂ ಸೇರಿದಂತೆ ಕಾಣುತ್ತದೆ. ಇದು ಜೈವಿಕ್ ಭಾರತ್. ಸಾವಯವ ಆಹಾರಕ್ಕೆ 2017ರಲ್ಲಿ ನಿಯಮ ಬಂದಾಗ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ತಂದ ಗುರುತು. ಪ್ರಮಾಣಪತ್ರ ಇಲ್ಲದೆ ಇದನ್ನು ಹಾಕುವ ಹಾಗಿಲ್ಲ. ಇದೇನು ಗೊತ್ತಾ ಅಂತ ಅಮ್ಮನನ್ನು ಕೇಳಿದೆ. "ಇದೂ ವೆಜ್ ಅಂತಲೇ ಅಲ್ವಾ?" ಅಂದರು. ಅವರ ತಪ್ಪು ಖಂಡಿತ ಅಲ್ಲ. ಎರಡೂ ಹಸಿರು, ಎರಡೂ ಕಡಲೆಕಾಳಿನಷ್ಟು. ಹೇಳಿಕೊಟ್ಟವರು ಯಾರಿದ್ದಾರೆ?

ಎರಡನೆಯದರ ಮೇಲೆ ಜೋಡೆತ್ತಿನ ಚಿತ್ರ, 'ನ್ಯಾಚುರಲ್' ಅಂತ ದಪ್ಪ ಅಕ್ಷರ. ಪ್ರಮಾಣಪತ್ರದ ಗುರುತು ಎಲ್ಲೂ ಇಲ್ಲ. ಆದರೂ ನನ್ನ ಕೈ ಮೊದಲು ಹೋಗಿದ್ದು ಇದಕ್ಕೇ. ಎತ್ತು ನೋಡಿದರೆ ಊರು ನೆನಪಾಗುತ್ತದೆ, ನಂಬಿಕೆ ಬಂದುಬಿಡುತ್ತದೆ. ಪರಿಸರದ ಹೆಸರಲ್ಲಿ ಹೀಗೆ ಏನಾದರೂ ಹೇಳಿದರೆ ಆಧಾರ ಕೊಡಬೇಕು ಅಂತ 2024ರ ಅಕ್ಟೋಬರ್‌ನಲ್ಲಿ ಕೇಂದ್ರದಿಂದ ಮಾರ್ಗಸೂಚಿ ಬಂದಿದೆ. ಒಳ್ಳೆಯದೇ ಆಯಿತು.

ನಾನು ನಿಜವಾಗಿ ಮಾತಾಡಬೇಕು ಅಂದುಕೊಂಡಿದ್ದು ಮೂರನೇ ಪ್ಯಾಕೆಟ್ ಬಗ್ಗೆ. ಇದರ ಮೇಲೆ 'ಪಿಜಿಎಸ್-ಇಂಡಿಯಾ ಗ್ರೀನ್' ಅಂತಿದೆ. ಪಿಜಿಎಸ್ ಅಂದರೆ ರೈತರೇ ಸೇರಿ ಒಬ್ಬರಿಗೊಬ್ಬರು ಖಾತರಿ ಕೊಡುವ ಸಾವಯವ ಪ್ರಮಾಣಪತ್ರದ ಪದ್ಧತಿ. ಪಿಜಿಎಸ್‌ನಲ್ಲಿ ಅಕ್ಕಪಕ್ಕದ ರೈತರು, ಕಡಿಮೆ ಅಂದರೆ ಐದು ಜನ, ಗುಂಪು ಕಟ್ಟಿಕೊಳ್ಳುತ್ತಾರೆ. ಒಬ್ಬರ ಹೊಲವನ್ನು ಇನ್ನೊಬ್ಬರು ಹೋಗಿ ನೋಡುತ್ತಾರೆ. ಪಕ್ಕದ ಹೊಲದವನ ಕಣ್ಣು ತಪ್ಪಿಸಿ ರಾಸಾಯನಿಕ ಗೊಬ್ಬರದ ಚೀಲ ತರೋದು ಕಷ್ಟ. ಹಾಗಾಗಿ ನನಗೆ ಈ ಪದ್ಧತಿ ಮೇಲೆ ತುಂಬಾ ಗೌರವ. 'ಗ್ರೀನ್' ಅಂದರೆ ರಾಸಾಯನಿಕ ನಿಲ್ಲಿಸಿದ್ದಾರೆ, ಆದರೆ ಹೊಲ ಇನ್ನೂ ಬದಲಾಗುತ್ತಿದೆ. ರಾಗಿಯಂಥ ಬೆಳೆಗೆ ಸಾಮಾನ್ಯವಾಗಿ ಎರಡು ವರ್ಷ, ತೆಂಗು ಅಡಿಕೆಗೆ ಮೂರು ವರ್ಷ ಹೀಗೆ ಕಾಯಬೇಕು. ಅಲ್ಲಿಯವರೆಗೆ 'ಸಾವಯವ' ಅಂತ ಹೇಳಿ ಮಾರುವ ಹಾಗಿಲ್ಲ.

ನಮ್ಮ ಸೋದರಮಾವ ಒಂದು ವರ್ಷ ಯೂರಿಯಾ ಬಿಟ್ಟು ನೋಡಿದರು. ಕೊಟ್ಟಿಗೆ ಗೊಬ್ಬರ ಹೊತ್ತರು, ಕಳೆಗೆ ಕೂಲಿ ಜಾಸ್ತಿ ಕೊಟ್ಟರು. ಇಳುವರಿ ಇಳಿಯಿತು. ಮಂಡಿಯಲ್ಲಿ ಮಾತ್ರ ಎಲ್ಲರ ರಾಗಿಗೂ ಒಂದೇ ರೇಟು. ಮುಂದಿನ ಮುಂಗಾರಿಗೆ ಅವರು ಮತ್ತೆ ಯೂರಿಯಾ ತಂದರು. ಆ ಒಂದು ವರ್ಷ ಅವರ ರಾಗಿಯನ್ನು ಹುಡುಕಿಕೊಂಡು ಕೊಳ್ಳುವವರು ನಾಲ್ಕು ಜನ ಇದ್ದಿದ್ದರೆ ಅಂತ ನನಗೆ ಈಗಲೂ ಅನಿಸುತ್ತದೆ. ನಾವೇ ಕೊಂಡಿರಲಿಲ್ಲ.

ನೀರು ಕುದಿಯುತ್ತಿದೆ. ಇವತ್ತಿನ ಮುದ್ದೆಗೆ ಅಮ್ಮ ಬಿಚ್ಚುತ್ತಿರುವುದು ಮೂರನೇ ಪ್ಯಾಕೆಟ್.