ಗಾಡಿ ಮೇಲಿನ ಮೆಷಿನ್ ಗನ್ನು, ಒಂದು ಮಿಲ್ ಲೆಕ್ಕ

ನಮಸ್ಕಾರ ಕೇಳುಗರೇ. ಮಿಲಿಟರಿ ಸಿಮ್ಯುಲೇಶನ್ ಗೇಮ್ ಆಡೋರು, ಮಿಲ್‌ಸಿಮ್ ಅಂತೀವಲ್ಲ, ಅವರಲ್ಲಿ ಮೂರು ಜನ ಒಂದು ಕಡೆ ಸೇರಿದ್ರೆ ಸಾಕು, ಗಾಡಿ ಮೇಲೆ ಕೂರ್ಸಿರೋ ಮೆಷಿನ್ ಗನ್ ಬಗ್ಗೆ ಜಗಳ ಶುರು. ಒಬ್ಬ ಹೇಳ್ತಾನೆ ಇದು ಲೇಸರ್ ಥರ ಹೊಡೀತಿದೆ, ಅನ್ಯಾಯ ಅಂತ. ಇನ್ನೊಬ್ಬ ಹೇಳ್ತಾನೆ ಇಷ್ಟು ದೊಡ್ಡ ಗನ್ನು, ಇನ್ನೂರು ಮೀಟರ್ ದೂರದ ಕಿಟಕಿಗೂ ತಾಗಲ್ಲ ಅಂದ್ರೆ ಹೆಂಗೆ ಅಂತ. ವರ್ಷಗಟ್ಟಲೆ ಈ ಆಟಗಳನ್ನ ಆಡಿರೋ ನಂಗೆ ಅನ್ನಿಸೋದು, ಇಬ್ರು ಮಾತಲ್ಲೂ ನಿಜ ಇದೆ, ಆದ್ರೆ ಇಬ್ರೂ ತಪ್ಪನ್ನ ಗನ್ನಿನ ತಲೆಗೆ ಕಟ್ತಾರೆ.

ಬ್ರೌನಿಂಗ್ ಎಂ2 ತಗೊಳ್ಳಿ, ಆಟದಲ್ಲಿ ಎಲ್ರೂ ಫಿಫ್ಟಿ ಕ್ಯಾಲ್ ಅನ್ನೋದು ಇದನ್ನೇ. ಗನ್ನೊಂದೇ 38 ಕೆಜಿ, ನಿಮಿಷಕ್ಕೆ 450ರಿಂದ 600 ಗುಂಡು. 1967ರಲ್ಲಿ ವಿಯೆಟ್ನಾಂನಲ್ಲಿ ಅಮೆರಿಕದ ಮರೀನ್ ಸ್ನೈಪರ್ ಕಾರ್ಲೋಸ್ ಹ್ಯಾತ್‌ಕಾಕ್ ಇದೇ ಗನ್ನಿಗೆ ಸ್ಕೋಪ್ ಹಾಕಿ 2,286 ಮೀಟರ್ ದೂರದ ಗುರಿಗೆ ಹೊಡೆದ್ರು, ಆ ದಾಖಲೆ ಮುರಿಯೋಕೆ 2002 ಬರ್ಬೇಕಾಯ್ತು. ಅಂದ್ರೆ ಕಬ್ಬಿಣದಲ್ಲಿ ದೋಷ ಇಲ್ಲ. ಆದ್ರೆ ಒಂದು ವಿಷ್ಯ ಮರೀಬೇಡಿ, ಆ ಗನ್ನು ನೆಲದ ಮೇಲೆ ಟ್ರೈಪಾಡಲ್ಲಿ ಕೂತಿತ್ತು, ಹೊಡೆದಿದ್ದು ಒಂದೊಂದೇ ಗುಂಡು.

ಟ್ರೈಪಾಡ್ ಜೊತೆ ಟಿ ಅಂಡ್ ಇ ಅಂತ ಒಂದು ಸ್ಕ್ರೂ ಇರತ್ತೆ, ಗನ್ನನ್ನ ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಸರಿಸೋಕೆ. ಅದರ ಚಕ್ರ ತಿರುಗಿಸಿದ್ರೆ ಟಕ್ ಟಕ್ ಅಂತ ಸದ್ದು ಬರತ್ತೆ, ಒಂದು ಟಕ್ ಅಂದ್ರೆ ಒಂದು ಮಿಲ್. ಒಂದು ಮಿಲ್ ಅಂದ್ರೆ ಸಾವಿರ ಮೀಟರ್ ದೂರದಲ್ಲಿ ಹತ್ತಿರ ಹತ್ತಿರ ಒಂದು ಮೀಟರ್ ಸರಿಯೋವಷ್ಟು ಸಣ್ಣ ಕೋನ. ಅಷ್ಟು ಸೂಕ್ಷ್ಮವಾಗಿ ಗುರಿ ಹಿಡಿಯೋ ಗನ್ ಅದು.

ಈಗ ಅದೇ ಗನ್ನನ್ನ ಎತ್ತಿ ಒಂದು ಜೀಪಿನ ತಲೆ ಮೇಲೆ ಇಡಿ. ಕೆಳಗೆ ಒಂದು ಪಿನ್ನು, ಅದಕ್ಕೆ ಸ್ವಲ್ಪ ಅಲುಗಾಟ ಇದ್ದೇ ಇರತ್ತೆ, ಆ ಪಿನ್ ಕೂತಿರೋ ರಿಂಗಿಗೆ ಇನ್ನೊಂದಿಷ್ಟು, ರಿಂಗಿನ ಕೆಳಗೆ ತಗಡು, ತಗಡಿನ ಕೆಳಗೆ ಸ್ಪ್ರಿಂಗು, ಸ್ಪ್ರಿಂಗಿನ ಕೆಳಗೆ ಗಾಳಿ ತುಂಬಿರೋ ಟೈರು, ಇಷ್ಟರ ಮೇಲೆ ಒಬ್ಬ ಮನುಷ್ಯ ಎರಡೂ ಹಿಡಿ ಹಿಡ್ಕೊಂಡು ಹೆಬ್ಬೆರಳಲ್ಲಿ ಟ್ರಿಗರ್ ಒತ್ತುತಾ ನಿಂತಿದಾನೆ. ನಿಮಿಷಕ್ಕೆ 600 ಅಂದ್ರೆ ಸೆಕೆಂಡಿಗೆ ಹತ್ತು ಗುಂಡು, ಮೊದಲನೇ ಗುಂಡಿನ ಒದೆತಕ್ಕೆ ಅಲ್ಲಾಡಿದ ಗಾಡಿ ಸುಧಾರಿಸ್ಕೊಳ್ಳೋ ಮುಂಚೆನೇ ಎರಡನೇದು ಹೋಗಿರತ್ತೆ. ಗಾಡಿ ಕಲ್ಲು ಹತ್ತಿ ಬರೀ ಒಂದು ಡಿಗ್ರಿ ವಾಲಿದ್ರೂ ಸಾಕು, ಸಾವಿರ ಮೀಟರಲ್ಲಿ ಗುರಿ ಹದಿನೇಳು ಮೀಟರ್ ತಪ್ಪತ್ತೆ.

ಗೇಮ್ ಮಾಡೋರು ಇಷ್ಟನ್ನೂ ಎಷ್ಟೋ ಸಲ ಒಂದೇ ನಂಬರಲ್ಲಿ ಮುಗಿಸ್ತಾರೆ. ಆರ್ಮಾ ಅನ್ನೋ ಮಿಲ್‌ಸಿಮ್ ಗೇಮಿನ ಕಾನ್ಫಿಗ್ ಫೈಲ್ ತೆರೆದು ನೋಡಿದೋರಿಗೆ ಗೊತ್ತಿರತ್ತೆ, ಡಿಸ್ಪರ್ಶನ್, ಅಂದ್ರೆ ಗುಂಡು ಎಷ್ಟು ಚದುರ್ಬೇಕು ಅಂತ ಒಂದು ಸಾಲು, ಕೋನ ಅಳೆಯೋ ರೇಡಿಯನ್ ಲೆಕ್ಕದಲ್ಲಿ. ಅಲ್ಲಿ 0.001 ಅಂತ ಇದ್ರೆ ಹೆಚ್ಚುಕಮ್ಮಿ ಒಂದು ಮಿಲ್. ನನ್ನ ತಕರಾರು ಏನಂದ್ರೆ, ಗಾಡಿ ನಿಂತಿರ್ಲಿ ಓಡ್ತಿರ್ಲಿ, ಇಂಥ ನಂಬರು ಬದಲಾಗಲ್ಲ, ಆ ಚದುರುವಿಕೆ ಗನ್ನಿನ ಬಾಯಲ್ಲೇ ಹುಟ್ಟತ್ತೆ. ಇನ್ನೊಂದು ಮೌಸು, 38 ಕೆಜಿ ಕಬ್ಬಿಣ ಮಣಿಕಟ್ಟು ಆಡಿಸಿದ ಹಾಗೆ ಸರ್ ಅಂತ ತಿರುಗತ್ತೆ.

ಒಂದ್ಸಲ ಒಂದು ಗೇಮಲ್ಲಿ ನಾನು ಗನ್ನರ್, ಗಾಡಿ ಕಲ್ಲು ಬಯಲಲ್ಲಿ ಎದ್ದುಬಿದ್ದು ಓಡ್ತಿದೆ, ಆರುನೂರು ಮೀಟರ್ ದೂರದಲ್ಲಿ ಒಬ್ಬ ಓಡ್ತಿದಾನೆ. ಒಂದು ಸಣ್ಣ ಬರ್ಸ್ಟ್, ಅವ್ನು ಬಿದ್ದ. ಟೀಮಿನೋರೆಲ್ಲ ಹೆಡ್‌ಸೆಟ್ಟಲ್ಲಿ ಕೂಗಾಡಿದ್ರು, ನಂಗೆ ಮಾತ್ರ ಬೇಜಾರಾಯ್ತು, ಆ ಹುಡುಗ ಒಂದು ಗಂಟೆಯಿಂದ ಹುಲ್ಲಲ್ಲಿ ತೆವಳ್ಕೊಂಡು ಅಲ್ಲಿ ತನಕ ಬಂದಿದ್ದ, ಅವ್ನ ಅಷ್ಟೂ ಶ್ರಮಕ್ಕೆ ಬೆಲೆ ಇಲ್ದಂಗಾಯ್ತು.

ಹಾಗಂತ ಎಲ್ಲಾ ಗಾಡಿನೂ ಒಂದೇ ಅಲ್ಲ. ಟ್ಯಾಂಕಿನಲ್ಲಿ ದೊಡ್ಡ ತೋಪಿನ ಪಕ್ಕದಲ್ಲೇ ಇರೋ ಕೋಆಕ್ಸಿಯಲ್ ಗನ್ ಇದ್ಯಲ್ಲ, ರಷ್ಯಾ ಟ್ಯಾಂಕುಗಳ ಪಿಕೆಟಿ ಥರದ್ದು, ಅದಕ್ಕೆ ತೋಪಿನ ಸ್ಟೆಬಿಲೈಸರೇ ಆಧಾರ, ಗಾಡಿ ಅಲ್ಲಾಡಿದ್ರೂ ತೋಪನ್ನ ಗುರಿ ಮೇಲೇ ಹಿಡಿಯೋ ಸಾಧನ ಅದು, ಈಗಿನ ಟ್ಯಾಂಕಲ್ಲಾದ್ರೆ ದೂರ ಅಳೆಯೋ ಲೇಸರ್ ರೇಂಜ್‌ಫೈಂಡರೂ ಇರತ್ತೆ, ಟನ್‌ಗಟ್ಟಲೆ ಉಕ್ಕು ಒದೆತವನ್ನ ನುಂಗಿಬಿಡತ್ತೆ. ಅದು ನಿಖರವಾಗಿ ಹೊಡೆದ್ರೆ ಅನ್ಯಾಯ ಅನ್ನೋಕಾಗಲ್ಲ. ಬ್ಯಾಲೆನ್ಸ್ ಹೆಸರಲ್ಲಿ ಅದನ್ನೂ ಜೀಪಿನ ಗನ್ ಥರ ಚದುರಿಸೋದು ನನ್ನ ಪ್ರಕಾರ ತಪ್ಪೇ. ಒಳಗೆ ಕೂತು ಸ್ಕ್ರೀನ್ ನೋಡಿ ಹೊಡಿಯೋ ರಿಮೋಟ್ ಗನ್ನುಗಳಿಗೂ ಇದೇ ಮಾತು.

ಇನ್ನೊಂದು, ಚದುರೋದು ಅಂದ್ರೆ ಬರೀ ಕೊರತೆ ಅಂತ ಆಟಗಾರರು ಅಂದ್ಕೊಂಡಿದಾರೆ. ಮೆಷಿನ್ ಗನ್ ಕೆಲಸನೇ ಒಂದು ಜಾಗವನ್ನ ಮುಚ್ಚೋದು. ಸಮತಟ್ಟು ನೆಲದಲ್ಲಿ ಅದರ ಗುಂಡು ಬೀಳೋ ಜಾಗ ಉದ್ದುದ್ದ, ಮೊಟ್ಟೆ ಎಳೆದಂಗೆ, ಗನ್ನಿಂದ ಗುರಿ ಕಡೆಗೆ ಚಾಚ್ಕೊಂಡಿರತ್ತೆ. ಸೈನಿಕರ ಸಾಲನ್ನ ಪಕ್ಕದಿಂದ ಉದ್ದಕ್ಕೂ ಹೊಡೆದ್ರೆ ಆ ಮೊಟ್ಟೆಯೊಳಗೆ ಇಡೀ ಸಾಲೇ ಬೀಳತ್ತೆ, ಎದುರಿಂದ ಹೊಡೆದ್ರೆ ಒಬ್ರೋ ಇಬ್ರೋ. ಗನ್ ಎಲ್ಲಿಡ್ಬೇಕು ಅನ್ನೋ ಪಾಠ ಎಲ್ಲಾ ಇದರಲ್ಲಿದೆ, ಲೇಸರ್ ಥರ ಹೊಡಿಯೋ ಗೇಮಲ್ಲಿ ಈ ಪಾಠ ಕಲಿಯೋಕೆ ಕಾರಣನೇ ಇರಲ್ಲ.

ಓಡೋ ಗುರಿ ಆದ್ರೆ ಇನ್ನೂ ಕಷ್ಟ. ಫಿಫ್ಟಿ ಕ್ಯಾಲ್ ಗುಂಡು ಸೆಕೆಂಡಿಗೆ 890 ಮೀಟರ್ ಹತ್ರ ವೇಗದಲ್ಲಿ ಹೊರಟ್ರೂ ದಾರೀಲಿ ನಿಧಾನ ಆಗ್ತಾ ಹೋಗತ್ತೆ, ಸಾವಿರ ಮೀಟರ್ ಮುಟ್ಟೋಕೆ ಒಂದೂವರೆ ಸೆಕೆಂಡ್ ಹತ್ರ ಬೇಕು. ಗಂಟೆಗೆ 36 ಕಿಲೋಮೀಟರಲ್ಲಿ ಹೋಗೋ ಟ್ರಕ್ ಅಷ್ಟರಲ್ಲಿ ಹದಿನೈದು ಮೀಟರ್ ಮುಂದೆ ಹೋಗಿರತ್ತೆ.

ಅದಕ್ಕೇ ನಂಗೆ ಬೇಕಾಗಿರೋ ಗೇಮಲ್ಲಿ ಗನ್ನು ನಿಖರವಾಗೇ ಇರ್ಲಿ, ಗಾಡಿ ಅಲ್ಲಾಡ್ಲಿ. ಡ್ರೈವರ್‌ಗೆ ನಿಲ್ಸು ಅಂತ ಕೂಗ್ಬೇಕು, ಗಾಡಿ ಮುಗ್ಗರಿಸಿ ಸ್ಪ್ರಿಂಗ್ ಮೇಲೆ ಒಂದೆರಡು ಸಲ ತೂಗಾಡತ್ತೆ, ಅದು ನಿಲ್ಲೋವರೆಗೂ ಹೆಬ್ಬೆರಳು ಬಿಗಿ ಹಿಡ್ಕೊಂಡು ಕಾಯ್ಬೇಕು, ಆಮೇಲೆ ಐದಾರು ಗುಂಡು, ಅಷ್ಟೇ, ಧೂಳು ಎಲ್ಲಿ ಎದ್ದಿತು ನೋಡಿ ಗನ್ನನ್ನ ಒಂದು ಕೂದಲೆಳೆ ಮೇಲೆತ್ತಿ ಮತ್ತೆ ಐದಾರು. ಆ ಕಾಯೋ ಎರಡು ಸೆಕೆಂಡಲ್ಲಿ ಎದುರಿನೋನು ಓಡಿ ಗೋಡೆ ಹಿಂದೆ ಸೇರ್ಕೊಂಡ ಅಂದ್ರೆ ಸೇರ್ಕೊಳ್ಳಲಿ, ಅವ್ನಿಗೆ ಸಿಗಬೇಕಾದ ಎರಡು ಸೆಕೆಂಡ್ ಅದು. ನಮಸ್ಕಾರ.